ಹೊಸ್ತಿಲಾಚೆಯ ತುತ್ತು

ಮಗುವನ್ನು ಹೊರಗೆ ಕಳಿಸುವಾಗ ತಾಯಿಯಾದವಳು ಕಟ್ಟಕಡೆಗೆ ಆಡುವ ಮಾತು ಯಾವುದೆಂಬುದನ್ನು ಯಾರಾದರೂ ಲಕ್ಷ್ಯಗೊಟ್ಟು ಕೇಳಿದ್ದಾರೆಯೇ? “ಚಲೋ ಓದು” ಎಂಬುದು ಅಲ್ಲ, “ಜಗಳಾಡಬ್ಯಾಡ” ಎಂಬುದೂ ಅಲ್ಲ. ಅವೆಲ್ಲ ಪಡಸಾಲೆಯಲ್ಲಿ ಚೀಲ ಹೆಗಲಿಗೇರಿಸುವಾಗಲೇ ಮುಗಿದಿರುತ್ತವೆ. ಕಟ್ಟೆ ಇಳಿದು, ಓಣಿಯ ತಿರುವಿನಲ್ಲಿ ಮಗು ಇನ್ನೇನು ಕಣ್ಮರೆಯಾಗಬೇಕು ಎನ್ನುವಾಗ ಬಾಗಿಲಿನಿಂದ ಒಂದು ಕೂಗು ಬರುತ್ತದೆ: “ಹೊರಗಿಂದೇನೂ ತಿನಬ್ಯಾಡ, ನೋಡು!” ನಮ್ಮ ನರಗುಂದದ ಯಾವ ಓಣಿಯಲ್ಲಿಯಾದರೂ ಬೆಳಗಿನ ಒಂಬತ್ತು ಗಂಟೆಯ ಮೇಲೆ ನಿಂತು ಕೇಳಿರಿ. ಒಂದು ಮನೆಯಿಂದ ಎದ್ದ ಕೂಗು ಮುಂದಿನ ಮನೆಗೆ ಹತ್ತಿ, ಅಲ್ಲಿಂದ ಮತ್ತೊಂದಕ್ಕೆ ಹತ್ತಿ, ಓಣಿಯ ತುದಿಯವರೆಗೂ ಹೋಗುತ್ತದೆ.

ಸರಕಾರದ ಹುಕುಮಿಗೆ ಮುದ್ರೆಯಿದೆ, ಮೀರಿದವನಿಗೆ ದಂಡವಿದೆ, ಮೀರಿದನೋ ಇಲ್ಲವೋ ಎಂದು ನೋಡುವುದಕ್ಕೆ ಅಧಿಕಾರಿಗಳಿದ್ದಾರೆ. ತಾಯಿಯ ಹುಕುಮಿಗೆ ಇದಾವುದೂ ಇಲ್ಲ. ಅವಳು ಕೂಗಿ ಒಳಗೆ ಹೋದಳೆಂದರೆ ತೀರಿತು. ಅಲ್ಲಿಂದ ಮುಂದೆ ಬಾಯಿ ಮಗುವಿನದು, ಬಜಿಯ ಬಾಣಲೆ ಅಂಗಡಿಯವನದು. ಆದರೂ ಆ ಕೂಗು ಮಗುವಿನ ಬೆನ್ನು ಹತ್ತಿ ಶಾಲೆಯವರೆಗೆ ಹೋಗುತ್ತದೆ. ಒಮ್ಮೊಮ್ಮೆ ಅರವತ್ತು ವರ್ಷದ ಮುದುಕತನದವರೆಗೂ ಹೋಗುವುದುಂಟು. ಅದು ಎಷ್ಟು ದೂರ ಹೋದೀತು, ಎಲ್ಲಿಯವರೆಗೆ ಹೋಗುವುದು ಹಿತ, ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ನನ್ನ ಮಗಳಿಗೆ ಹನ್ನೊಂದು ತುಂಬಿದಾಗ.

ಹನ್ನೊಂದು ಎಂಬುದು ಒಂದು ವಿಚಿತ್ರ ವಯಸ್ಸು. ಐದು ವರ್ಷದ ಕೂಸಿಗೆ ತುತ್ತು ಮಾಡಿ ಬಾಯಿಗಿಡುವವರು ನಾವೇ. ಹದಿನೇಳರ ಹುಡುಗ ಹುಬ್ಬಳ್ಳಿಗೆ ಓದಲು ಹೋದರೆ ಅವನು ಏನು ತಿಂದನೆಂಬುದು ಅವನಿಗೆ ಹಾಗೂ ಅವನ ಕಿಸೆಗೆ ಮಾತ್ರ ಗೊತ್ತು. ಇವೆರಡರ ನಡುವೆ ಹತ್ತರಿಂದ ಹನ್ನೆರಡರವರೆಗಿನ ಎರಡು ಮೂರು ವರ್ಷಗಳಿವೆ. ಆಗ ಕಿಸೆಯಲ್ಲಿ ಹತ್ತು ರೂಪಾಯಿಯ ನೋಟೂ ಇರುತ್ತದೆ, ಕಿವಿಯಲ್ಲಿ ಅವ್ವನ ಕೂಗೂ ಇರುತ್ತದೆ. ಎರಡೂ ಒಂದೇ ಮೈಯಲ್ಲಿ ವಾಸಮಾಡುವ ಕಾಲ ಅದು.

ಈ ಕೂಗನ್ನು ನಾನು ಬಿಡಿಸಿ ನೋಡಿದ್ದೇನೆ. ಮಾತು ಒಂದೇ ಆದರೂ ಅದರ ಒಳಗೆ ಮೂರು ಬೇರೆ ಬೇರೆ ಅಂಜಿಕೆಗಳಿವೆ. ಒಂದು ಮಾನದ್ದು, ಒಂದು ಮೈಯದ್ದು, ಇನ್ನೊಂದು ಮಡಿಯದ್ದು. ತಾಯಂದಿರು ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದರಿಂದ ಮಕ್ಕಳಿಗೆ ಅವುಗಳ ಭೇದ ತಿಳಿಯುವುದಿಲ್ಲ. ಎಷ್ಟೋ ಸಲ ಕಟ್ಟಿಕೊಟ್ಟವರಿಗೂ ತಿಳಿದಿರುವುದಿಲ್ಲ.

ಮಾನದ ಮಾತನ್ನು ಮೊದಲು ಹೇಳುತ್ತೇನೆ; ನಾನು ಚಿಕ್ಕವನಿದ್ದಾಗ ಅದೇ ಎಲ್ಲಕ್ಕಿಂತ ದೊಡ್ಡದಾಗಿತ್ತು. ಪರರ ಮನೆಗೆ ಹೋದಾಗ “ಉಂಡು ಬಂದೀನ್ರಿ” ಎನ್ನಬೇಕೆಂದು ನಮ್ಮವ್ವ ನಮಗೆ ಕಲಿಸಿದ್ದಳು. ಅದಕ್ಕೊಂದು ಕ್ರಮವೂ ಇತ್ತು. ಮೊದಲ ಸಲ ಕೇಳಿದಾಗ ‘ಬ್ಯಾಡ್ರಿ’ ಎನ್ನಬೇಕು. ಎರಡನೆಯ ಸಲವೂ ‘ಬ್ಯಾಡ್ರಿ’. ಮೂರನೆಯ ಸಲ ಒತ್ತಾಯ ಮಾಡಿದರೆ ನೀಡಿದ್ದರಲ್ಲಿ ಅರ್ಧ ಮುರಿದುಕೊಂಡು ಅರ್ಧವನ್ನು ತಿರುಗಿ ಬುಟ್ಟಿಯಲ್ಲಿಡಬೇಕು. ಮೂರನೆಯ ಸಲ ಕೇಳುವ ಸಂಪ್ರದಾಯವಿಲ್ಲದ ಮನೆಗೆ ಹೋದ ದಿನ ನಮ್ಮ ಗತಿ ಏನಾಗುತ್ತಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ರೋಣದಲ್ಲಿ ನಮ್ಮ ಸೋದರತ್ತೆಯ ಮನೆಗೆ ಒಮ್ಮೆ ಮಧ್ಯಾಹ್ನ ಹೋಗಿ, ಕಲಿತ ಪಾಠವನ್ನು ಒಪ್ಪಿಸುತ್ತಿರುವಾಗಲೇ ನನ್ನ ಹೊಟ್ಟೆ ದೊಡ್ಡದಾಗಿ ಗುರುಗುಟ್ಟಿತು. ಅತ್ತೆ ನಗಲಿಲ್ಲ. “ನೀ ಉಂಡೀದಿ ಖರೆ, ನಿನ್ನ ಹೊಟ್ಟಿ ಇನ್ನೂ ಉಂಡಿಲ್ಲ ನೋಡು, ಅದಕ್ಕರೆ ನೀಡ್ತೀನಿ ಕೂಡು” ಎಂದು ತಾಟು ಹಾಕಿದಳು. ಮಾದಲಿಯ ಮೇಲೆ ಅವಳು ಹಾಕಿದ ತುಪ್ಪದ ವಾಸನೆ ಇನ್ನೂ ಮೂಗಿನಲ್ಲಿದೆ.

ಈ ‘ಬ್ಯಾಡ್ರಿ’ ಎಂಬುದು ಬರಿಯ ಠೀವಿಯಿಂದ ಹುಟ್ಟಿದ್ದೆಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಅದರ ಬುಡ ಎಲ್ಲಿದೆ ಎಂಬುದು ಹೊಳೆಯಿತು. ನಮ್ಮವ್ವ ಈ ಪಾಠವನ್ನು ಕಲಿತದ್ದು ಕಾಲುವೆಯ ಮೊದಲಿನ ನರಗುಂದದಲ್ಲಿ. ಎರೆಭೂಮಿಯ ಬಿಳಿಜೋಳ ಹಿಂಗಾರಿನ ಮಳೆಯನ್ನೂ ನೆಲದ ಹಸಿಯನ್ನೂ ನಂಬಿದ ಬೆಳೆ. ಮಳೆ ಕೈಕೊಟ್ಟ ವರ್ಷ ಹಗೇವಿನ ತಳ ಬೇಗ ಕಾಣಿಸಿಬಿಡುತ್ತಿತ್ತು. ಅಂಥ ಕಾಲದಲ್ಲಿ ಮನೆಯ ಹೆಣ್ಣುಮಗಳು ರೊಟ್ಟಿಯನ್ನು ಎಣಿಸಿಯೇ ಬಡಿಯುತ್ತಿದ್ದಳು. ಪರರ ಮನೆಯಲ್ಲಿ ನೆರೆಯ ಹುಡುಗ ಒಂದು ರೊಟ್ಟಿ ತಿಂದರೆ, ಆ ಮನೆಯಲ್ಲಿ ಯಾರೋ ಒಬ್ಬರು, ಹೆಚ್ಚಾಗಿ ಬಡಿದವಳೇ, ಒಂದು ರೊಟ್ಟಿ ಕಡಿಮೆ ಉಣ್ಣಬೇಕು. ಕೇಳಿದವರಿಗೂ ಇದು ಗೊತ್ತು, ಬೇಡವೆಂದವರಿಗೂ ಗೊತ್ತು. ಕೇಳುವುದು ಕೇಳುವವರ ಮರ್ಯಾದೆ; ಬೇಡವೆನ್ನುವುದು ಬಂದವರ ದಯೆ.

ಮುಂದೆ ಸವದತ್ತಿ ಸೀಮೆಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದರು. ಕಾಲುವೆ ನಮ್ಮ ಹೊಲಗಳಿಗೆ ಬಂತು. ನೀರಿನ ಜೊತೆಗೆ ಅಭಿವೃದ್ಧಿ ಕರವೂ ಬಂತು. ಅದನ್ನು ಕೊಡಲೊಲ್ಲೆವೆಂದ ರೈತರ ಚಳವಳಿ 1980ರ ಜುಲೈ 21ರಂದು ಗೋಲೀಬಾರಿನಲ್ಲಿ ಮುಟ್ಟಿ ನಾಡಿನ ರಾಜಕಾರಣವನ್ನೇ ಅಲುಗಿಸಿದ್ದು ಎಲ್ಲರಿಗೂ ತಿಳಿದ ಸಂಗತಿ. ನಾವು ಹುಡುಗರಾಗುವ ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಸಾಕಷ್ಟಿದ್ದವು, ಅತ್ತೆಯ ಮನೆಯಲ್ಲಿ ತುಪ್ಪವೂ ಇತ್ತು. ಆದರೆ ಬರಗಾಲದಲ್ಲಿ ಹುಟ್ಟಿದ ಪಾಠ ಸುಗ್ಗಿಯಲ್ಲಿಯೂ ಮುಂದುವರಿಯಿತು. ಕಾರಣ ಸತ್ತ ಮೇಲೂ ನಿಯಮ ಬದುಕುತ್ತದೆ. ಮನೆಗಳಲ್ಲಿ ನಡೆಯುವ ಎಷ್ಟೋ ಕಟ್ಟಳೆಗಳ ಚರಿತ್ರೆ ಇಷ್ಟೇ.

ಇನ್ನು ಮೈಯ ಮಾತು. ಇದರಲ್ಲಿ ನಾನು ಸಂಪೂರ್ಣವಾಗಿ ತಾಯಂದಿರ ಪಕ್ಷದವನು, ಮೆಣಸಿನಕಾಯಿ ಬಜಿಯ ವಿಷಯವೊಂದನ್ನು ಬಿಟ್ಟು. ಹುಬ್ಬಳ್ಳಿ–ವಿಜಯಪುರದ ಹೆದ್ದಾರಿಯ ಮೇಲಿರುವ ನಮ್ಮೂರಿನಲ್ಲಿ ಸಂಜೆಯ ಹೊತ್ತು ಬಿಸಿಯೆಣ್ಣೆಯಲ್ಲಿ ಮಿರ್ಚಿ ಬಿದ್ದಾಗ ಏಳುವ ಸಪ್ಪಳವನ್ನೂ ಗಿರಮಿಟ್ಟಿಗೆ ಹಾಕಿದ ಹಸಿ ಉಳ್ಳಾಗಡ್ಡಿಯ ವಾಸನೆಯನ್ನೂ ತಡೆದುಕೊಂಡು ಮುಂದೆ ಹೋಗುವ ಹನ್ನೊಂದು ವರ್ಷದ ಮಗು ಇದ್ದರೆ, ಅದನ್ನು ಡಾಕ್ಟರರಿಗೆ ತೋರಿಸಬೇಕು. ಆದರೆ ಇಂದಿನ ಅಂಜಿಕೆ ಬಜಿಯದ್ದಲ್ಲ. ಬಣ್ಣಬಣ್ಣದ ಪಾಕೀಟುಗಳದ್ದು, ಕೆಂಪು ಬಣ್ಣದಲ್ಲಿ ಅದ್ದಿ ತೆಗೆದಂತಿರುವ ಗೋಬಿ ಮಂಚೂರಿಯದ್ದು. 2024ರ ಮಾರ್ಚಿನಲ್ಲಿ ಕರ್ನಾಟಕ ಸರಕಾರ ಗೋಬಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಬೇಕಾಯಿತು. ಬಟ್ಟೆಗೆ ಹಾಕುವ ರೋಡಮೈನ್ ಎಂಬ ಬಣ್ಣ ಮಿಠಾಯಿಯಲ್ಲಿ ಸಿಕ್ಕಿತ್ತು. ಶಾಲೆಯ ಬಾಗಿಲಿನಿಂದ 50 ಮೀಟರಿನೊಳಗೆ ಕೊಬ್ಬು, ಉಪ್ಪು, ಸಕ್ಕರೆ ವಿಪರೀತವಾಗಿರುವ ತಿನಿಸು ಮಾರಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿಯೇ ಕಟ್ಟಳೆ ಮಾಡಿದೆ. ಐವತ್ತು ಮೀಟರು ಎಂದರೆ ಹನ್ನೊಂದು ವರ್ಷದ ಕಾಲುಗಳಿಗೆ ಎಷ್ಟು ಹೊತ್ತಿನ ದಾರಿ? ಒಂದು ಉಸಿರಿನದು. ಐವತ್ತೊಂದನೆಯ ಮೀಟರಿನಿಂದ ಆಚೆಗೆ ಕಾವಲಿರುವುದು ಅವ್ವನ ಕೂಗೊಂದೇ.

ಆದರೆ ಕೂಗಿಗೆ ಒಂದು ತೊಂದರೆಯಿದೆ. ಬೇಡವೆಂದದ್ದರ ಮೇಲೆಯೇ ಜೀವ ಹೋಗುವುದು ಮನುಷ್ಯನ ಸ್ವಭಾವ. ಅಮೆರಿಕದ ಜೆನಿಫರ್ ಫಿಶರ್, ಲಿಯಾನ್ ಬರ್ಚ್ ಎಂಬ ಇಬ್ಬರು ವಿದುಷಿಯರು ಇದನ್ನು ಪರೀಕ್ಷೆ ಮಾಡಿಯೇ ನೋಡಿ 1999ರಲ್ಲಿ ಬರೆದರು. ಸಣ್ಣ ಮಕ್ಕಳ ಮುಂದೆ ಒಂದು ತಿನಿಸನ್ನು ಕಣ್ಣಿಗೆ ಕಾಣುವಂತೆ ಇಟ್ಟು, ಸ್ವಲ್ಪ ಹೊತ್ತು ಮುಟ್ಟಗೊಡದಿದ್ದರು. ಆಮೇಲೆ ಮಕ್ಕಳ ಮಾತೆಲ್ಲ ಆ ತಿನಿಸಿನ ಸುತ್ತಲೇ. ಕೈಯೆಲ್ಲ ಅದರ ಕಡೆಗೇ. ತಡೆಯಿಲ್ಲದ ತಿನಿಸಿನ ಮೇಲೆ ಅಷ್ಟು ಮೋಹವಿರಲಿಲ್ಲ. ಕದ್ದು ತಿಂದ ಮಾವಿನಕಾಯಿಯೇ ರುಚಿ ಎಂಬುದನ್ನು ಅರಿಯಲು ನಮ್ಮೂರಿನ ಹುಡುಗರಿಗೆ ಪರೀಕ್ಷೆ ಬೇಕಾಗಿರಲಿಲ್ಲ. ಆದರೂ ವಿದ್ವಾಂಸರು ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಹಾಗಾದರೆ ತಾಯಿಯ ಪ್ರಭಾವವೆಂಬುದು ಇಲ್ಲವೇ ಇಲ್ಲವೇ? ಇದೆ, ಅದು ಕೂಗಿಗಿಂತ ಮೊದಲೇ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಜೂಲಿ ಮೆನೆಲ್ಲಾ ಎಂಬವರೂ ಅವರ ಜೊತೆಗಾರರೂ 2001ರಲ್ಲಿ ಒಂದು ಸೊಗಸಾದ ಸಂಗತಿಯನ್ನು ಪ್ರಕಟಿಸಿದರು. ಬಸಿರಿನಲ್ಲಿ ಅಥವಾ ಬಾಣಂತನದಲ್ಲಿ ಗಜ್ಜರಿಯ ರಸ ಕುಡಿದ ತಾಯಂದಿರ ಕೂಸುಗಳು, ಮೊದಲ ಸಲ ಗಜ್ಜರಿಯ ರುಚಿಯ ಗಂಜಿ ತಿನ್ನಿಸಿದಾಗ ಉಳಿದ ಕೂಸುಗಳಷ್ಟು ಮುಖ ಹಿಂಡಲಿಲ್ಲವಂತೆ. ತಾಯಿ ಉಂಡದ್ದು ಹೊಟ್ಟೆಯೊಳಗಿನ ಕೂಸಿನ ನಾಲಗೆಗೂ ಮುಟ್ಟುತ್ತದೆ ಎಂದಾಯಿತು. ಹಾಗಿದ್ದರೆ ನಮ್ಮ ಸೀಮೆಯ ಕೂಸುಗಳು ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಅಗಸಿ ಹಿಂಡಿಗಳ ಪರಿಚಯ ಮಾಡಿಕೊಂಡೇ ಭೂಮಿಗಿಳಿಯುತ್ತವೆ ಎಂದು ನಾನು ತರ್ಕಿಸಿದರೆ ಶಾಸ್ತ್ರಜ್ಞರು ಸಿಟ್ಟಾಗಲಿಕ್ಕಿಲ್ಲ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷವಿದ್ದವನೂ ರಾತ್ರಿ ಹನ್ನೊಂದಕ್ಕೆ ಖಾನಾವಳಿಯ ಬಾಗಿಲಲ್ಲಿ ನಿಂತು “ಜ್ವಾಳದ ರೊಟ್ಟಿ ಅದಾವೇನ್ರಿ?” ಎಂದು ಕೇಳುತ್ತಾನೆ. ಅವನಿಗೆ ಯಾರೂ ಕಟ್ಟಳೆ ಮಾಡಿರುವುದಿಲ್ಲ.

ತಾಯಿಯ ಕೈ ಎಷ್ಟು ದೂರ ಚಾಚೀತು ಎಂಬುದನ್ನು ಅಳೆಯುವುದಕ್ಕೆ ನಮ್ಮಲ್ಲಿ ಒಂದು ಅಳತೆಗೋಲಿದೆ. ಅದರ ಹೆಸರು ಬುತ್ತಿ. ಧಾರವಾಡದಲ್ಲಿ ಓದುವ ಮಕ್ಕಳಿಗೆ ಸುತ್ತಲಿನ ಹಳ್ಳಿಗಳಿಂದ ಬಸ್ಸಿನ ಮೇಲೆ ಬುತ್ತಿ ಬರುವುದನ್ನು ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? ಅರಿವೆಯಲ್ಲಿ ಸುತ್ತಿದ ಕಟಕರೊಟ್ಟಿ, ಡಬ್ಬಿಯಲ್ಲಿ ಪಲ್ಲೆ, ಚೀಟಿಯ ಮೇಲೆ ಹುಡುಗನ ಹೆಸರು. ಕಂಡಕ್ಟರರಿಗೆ ಅದರಿಂದ ಕಾಸಿನ ಲಾಭವಿಲ್ಲ; ಆದರೂ ಬುತ್ತಿ ತಪ್ಪಿದೆ ಎಂಬ ದೂರು ಬರುವುದು ಅಪರೂಪ. ಹಳ್ಳಿಯ ಒಲೆಯಿಂದ ಪಟ್ಟಣದ ಖೋಲಿಯವರೆಗೆ ಹಬ್ಬಿದ ಈ ಏರ್ಪಾಡನ್ನು ಯಾವ ಇಲಾಖೆಯೂ ನಿರ್ಮಿಸಿದ್ದಲ್ಲ. ಬಾದಾಮಿಯ ಬನಶಂಕರಿಗೆ ಹೋದರೆ ಇದರ ಇನ್ನೊಂದು ರೂಪ ಕಾಣುತ್ತದೆ. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಲೆ, ಚಟ್ನಿ, ಗಡಿಗೆಯಲ್ಲಿ ಮೊಸರು ಇಟ್ಟುಕೊಂಡು ಕುಳಿತು ಬಂದವರಿಗೆ ಉಣಬಡಿಸಿ ದುಡ್ಡು ತೆಗೆದುಕೊಳ್ಳುತ್ತಾರೆ. ‘ಹೊರಗಿಂದೇನೂ ತಿನಬ್ಯಾಡ’ ಎನ್ನುವ ತಾಯಂದಿರೇ ಅಲ್ಲಿ ಮಕ್ಕಳನ್ನು ಕೂಡ್ರಿಸಿಕೊಂಡು ನಿಶ್ಚಿಂತೆಯಿಂದ ಉಣ್ಣುತ್ತಾರೆ. ಯಾರೋ ಒಬ್ಬ ಅವ್ವ ಬಡಿದ ರೊಟ್ಟಿ ಹೊರಗಿನದಾಗುವುದು ಹೇಗೆ?

ಆದರೆ ಎಲ್ಲ ಅವ್ವಂದಿರ ರೊಟ್ಟಿಗೂ ಈ ಮರ್ಯಾದೆ ಸಿಗುವುದಿಲ್ಲ. ಮೂರನೆಯ ಅಂಜಿಕೆಯಾದ ಮಡಿಯ ಮಾತು ಇಲ್ಲಿ ಬರುತ್ತದೆ. ‘ಅವರ ಮನಿಯಾಗ ನೀರು ಸುದ್ದಾ ಕುಡಿಬ್ಯಾಡ’ ಎಂಬ ಮಾತನ್ನು ಹಿಂದಿನ ತಲೆಮಾರು ಗಟ್ಟಿಯಾಗಿ ಆಡುತ್ತಿತ್ತು. ಈಗಿನವರು ಮೆಲ್ಲಗೆ ಆಡುತ್ತಾರೆ. ಮಕ್ಕಳು ಮೆಲ್ಲಗಿನ ಮಾತನ್ನೇ ಹೆಚ್ಚು ಲಕ್ಷ್ಯಗೊಟ್ಟು ಕೇಳುತ್ತಾರೆ.

2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆಜ್ಞೆ ಮಾಡಿತು. ಕರ್ನಾಟಕದಲ್ಲಿ ಅದು 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ನಮ್ಮ ಗದಗ ಜಿಲ್ಲೆಯೂ ಸೇರಿ ಉಳಿದೆಡೆಗೆ ಬಂತು. ಅದಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟವರಿಗೆ ನಾನು ಕೈಮುಗಿಯುತ್ತೇನೆ. ದಾಸೋಹವೆಂಬುದು ನಮ್ಮ ನೆಲದಲ್ಲಿ ಎಂಟುನೂರು ವರ್ಷಕ್ಕಿಂತ ಹಳೆಯ ಶಬ್ದ. ಉಣ್ಣುವವನ ಕುಲವನ್ನು ಕೇಳದೆ ನೀಡುವುದು ಅದರ ಅರ್ಥ. ನೀಡುವವರ ಕುಲವನ್ನು ಉಣ್ಣುವವರು ಕೇಳಬಾರದೆಂಬ ಅರ್ಥವೂ ಅದರೊಳಗೇ ಇದೆ. 2004ರಲ್ಲಿ ಅದೇ ನ್ಯಾಯಾಲಯ, ಅಡುಗೆಯವರ ನೇಮಕದಲ್ಲಿ ಪರಿಶಿಷ್ಟ ಜಾತಿ, ಪಂಗಡಗಳವರಿಗೆ ಪ್ರಾಶಸ್ತ್ಯ ಕೊಡಬೇಕೆಂದೂ ಹೇಳಿತು. ಆದರೂ ಅಡುಗೆಯಾಕೆ ದಲಿತಳೆಂಬ ಕಾರಣಕ್ಕೆ ಮಕ್ಕಳನ್ನು ಶಾಲೆಯ ಊಟಕ್ಕೆ ಬಿಡದ ಪಾಲಕರ ಸುದ್ದಿ ನಮ್ಮ ರಾಜ್ಯದ ಹಳ್ಳಿಗಳಿಂದ ಆಗಾಗ ಬಂದಿದೆ. ಅಂಥ ಸುದ್ದಿ ಓದಿದಾಗ ನನಗೆ ಕಣ್ಣಿಗೆ ಕಟ್ಟುವುದು ಆ ಮಗು. ಗೆಳೆಯರೆಲ್ಲ ತಾಟು ಹಿಡಿದು ಸಾಲಿನಲ್ಲಿ ಕುಳಿತಿದ್ದಾರೆ. ಬಿಸಿ ಸಾರಿನ ವಾಸನೆ ಬರುತ್ತಿದೆ. ಇದು ಗೋಡೆಗೆ ಒರಗಿ ನಿಂತಿದೆ. ಹಸಿವು ಅದರದು, ತಾಟೂ ಅದರದೇ; ಬೇಡವೆಂದ ಮಾತು ಮಾತ್ರ ಅದರದಲ್ಲ. ಹೊಸ್ತಿಲಾಚೆಗೆ ಹೋದ ಕೂಗು ಮಗುವಿನ ಕೊರಳಿಗೆ ಉರುಲಾಗುವುದು ಹೀಗೆ. ಮಾನದ ಅಂಜಿಕೆಯನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ, ಮೈಯ ಅಂಜಿಕೆಯನ್ನು ಒಪ್ಪಬಲ್ಲೆ, ಇದನ್ನು ಒಪ್ಪಲಾರೆ.

ಇಷ್ಟು ಖಡಾಖಂಡಿತವಾಗಿ ಹೇಳಿಬಿಡುವುದು ಸುಲಭ. ಆದರೆ ನಂಬಿಗೆ ಎಲ್ಲಿ ಮುಗಿಯುತ್ತದೆ, ಮಡಿ ಎಲ್ಲಿ ಆರಂಭವಾಗುತ್ತದೆ ಎಂಬುದು ಯಾವಾಗಲೂ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಅದು ನನಗೆ ತಿಳಿದದ್ದು ತತ್ತಿಯ ದೆಸೆಯಿಂದ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿಯೂ ವಿಜಯಪುರದಲ್ಲಿಯೂ ಶಾಲೆಯ ಮಕ್ಕಳಿಗೆ ಬೇಯಿಸಿದ ತತ್ತಿ ಕೊಡಲು ಆರಂಭಿಸಿದರು, ಒಲ್ಲೆನೆಂದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾಬಾಲೆ, ನೀವು ತತ್ತಿ ತಪ್ಪಿಸಿದರೆ ನಿಮ್ಮ ಮಠಕ್ಕೇ ಬಂದು ಕುಳಿತು ತಿನ್ನುತ್ತೇವೆ ಎಂಬರ್ಥದಲ್ಲಿ ಆಡಿದ ಮಾತು ನಾಡಿನ ತುಂಬ ಹರಿದಾಡಿತು. ದೊಡ್ಡವರು ಮಕ್ಕಳ ತಾಟಿನ ಬಗ್ಗೆ ವಾದಿಸುತ್ತಿರುವಾಗ ಮಗುವೊಂದು ತನ್ನ ತಾಟಿನ ಬಗ್ಗೆ ತಾನೇ ಮಾತಾಡಿದ ಅಪರೂಪದ ಪ್ರಸಂಗ ಅದು. ಮರುವರ್ಷ ಯೋಜನೆ ಎಲ್ಲ ಜಿಲ್ಲೆಗಳಿಗೆ ಬಂತು. ನನ್ನ ಮಗಳಿಗೆ ಆಗ ಒಂಬತ್ತು. ತತ್ತಿಯೋ ಬಾಳೆಹಣ್ಣೋ ಎಂದು ಮನೆಯಲ್ಲಿ ಕೇಳಿಕೊಂಡು ಬರಲು ಶಾಲೆಯಲ್ಲಿ ಹೇಳಿದ್ದರು. ನಮ್ಮ ಮನೆಯಲ್ಲಿ ತತ್ತಿ ತಿನ್ನುವವರಿಲ್ಲ. “ಬಾಳೆಹಣ್ಣು ಅಂತ ಹೇಳು” ಎಂದಳು ನನ್ನ ಹೆಂಡತಿ. ಮಗಳು ಹೇಳಿದಳು. ಅಲ್ಲಿಗೆ ಮುಗಿಯಿತು.

2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರು ದಿನವೂ ಕೊಡುವುದೆಂದಾದಾಗ ಶಾಲೆಯಲ್ಲಿ ಮತ್ತೆ ಕೇಳಿದರು. ಮಗಳಿಗೆ ಈಗ ಹನ್ನೊಂದು, ಆರನೆಯ ಇಯತ್ತೆ. ಈ ಸಲ ಅವಳು ಕೇಳಿದ ರೀತಿಯೇ ಬೇರೆ. “ಅವ್ವಾ, ಟೀಚರ್ ಕೇಳ್ಯಾರ. ಈ ಸಲ ನಾನs ಹೇಳ್ಲೇನು?”

ಎರಡು ವರ್ಷದ ಹಿಂದೆ ಉತ್ತರ ಕೇಳಿದವಳು ಈಗ ಅಪ್ಪಣೆ ಕೇಳುತ್ತಿದ್ದಳು. ನನ್ನ ಹೆಂಡತಿಗೆ ಅದು ತಟ್ಟನೆ ತಿಳಿಯಿತು. ನನಗೆ ಸ್ವಲ್ಪ ತಡವಾಗಿ ತಿಳಿಯಿತು. “ಏನಂತ ಹೇಳ್ತಿ?” ಎಂದು ಅವಳು ಕೇಳಿದಳು. ಮಗಳು ಸುಮ್ಮನೆ ನಿಂತಳು. ನಾನು ನಡುವೆ ಬಾಯಿ ಹಾಕಿ, ಒಂದು ತತ್ತಿಯಲ್ಲಿ ಆರು ಗ್ರಾಮಿನಷ್ಟು ಪ್ರೋಟೀನಿರುತ್ತದೆ, ಬಾಳೆಹಣ್ಣಿನಲ್ಲಿ ಒಂದು ಗ್ರಾಮಿನಷ್ಟು ಮಾತ್ರ ಎಂದು ಓದಿದ್ದನ್ನು ಹೇಳಿದೆ. “ಒಂದು ಮುಷ್ಟಿ ಶೇಂಗಾದಾಗ ಎಷ್ಟಿರತೈತ್ರಿ?” ಎಂದಳು ನನ್ನ ಹೆಂಡತಿ. ಲೆಕ್ಕ ಹಾಕಿ ನೋಡಿದೆ. ಇಪ್ಪತ್ತೈದು ಗ್ರಾಮು ಶೇಂಗಾದಲ್ಲಿಯೂ ಸುಮಾರು ಆರೇ ಬಂತು. ತತ್ತಿಯಲ್ಲಿ ಬಿ-12 ಎಂಬ ಜೀವಸತ್ವವಿದೆ, ಶೇಂಗಾದಲ್ಲಿ ಅದಿಲ್ಲ ಎಂದೆ. “ಹಾಲಿನಾಗ?” ಎಂದಳು. ಹಾಲಿನಲ್ಲಿ ಇದೆ. ಹಾಲನ್ನಂತೂ ಕ್ಷೀರಭಾಗ್ಯದ ಹೆಸರಿನಲ್ಲಿ 2013ರಿಂದ ಶಾಲೆಯಲ್ಲಿಯೇ ಕೊಡುತ್ತಾರೆ. ನನ್ನ ಶಾಸ್ತ್ರ ಅಲ್ಲಿಗೆ ಸಂಪೂರ್ಣವಾಯಿತು. ಶೇಂಗಾವೂ ಹಾಲೂ ದಿನಾಲು ಸಿಕ್ಕದ ಮನೆಯ ಮಗುವಿಗೆ ಈ ತತ್ತಿ ಎಷ್ಟು ದೊಡ್ಡ ವಸ್ತುವೆಂಬುದು ಬೇರೆ ಮಾತು. ಆ ಮಗುವಿನ ತಾಟಿನಿಂದ ಅದನ್ನು ತಪ್ಪಿಸುವ ಹಕ್ಕು ಯಾರಿಗೂ ಇಲ್ಲವೆಂದು ನನ್ನ ಹೆಂಡತಿಯೂ ಒಪ್ಪುತ್ತಾಳೆ. ನಮ್ಮ ಮನೆಯ ಪ್ರಶ್ನೆ ಪ್ರೋಟೀನಿನದಾಗಿರಲಿಲ್ಲ. ಬೇಡವೆಂಬುದು ಯಾರ ಮಾತಾಗಬೇಕು ಎಂಬುದಾಗಿತ್ತು.

ಇದೇ ಪ್ರಶ್ನೆ ಇನ್ನೊಬ್ಬ ತಾಯಿ-ಮಗನ ನಡುವೆಯೂ ಬಂದಿತ್ತು. ಗಾಂಧೀಜಿ ಹೈಸ್ಕೂಲಿನಲ್ಲಿದ್ದಾಗ ಗೆಳೆಯನೊಬ್ಬನ ಮಾತಿಗೆ ಮರುಳಾಗಿ ಗುಟ್ಟಾಗಿ ಮಾಂಸ ತಿಂದ ಕಥೆ ಅವರ ಆತ್ಮಕಥೆಯಲ್ಲಿದೆ. ಒಂದು ವರ್ಷದಲ್ಲಿ ಐದಾರು ಸಲ ಅಂಥ ಊಟಗಳಾದವು. ಪ್ರತಿಸಲವೂ ಮನೆಗೆ ಬಂದು ಹಸಿವಿಲ್ಲ, ಪಚನ ಸರಿಯಿಲ್ಲ ಎಂದು ತಾಯಿಗೆ ನೆಪ ಹೇಳಬೇಕು. ಕೊನೆಗೆ ಅವರನ್ನು ಬಿಡಿಸಿದ್ದು ಮಾಂಸದ ಮೇಲಿನ ಹೇಸಿಕೆಯಲ್ಲ. ತಾಯಿಗೆ ಹೇಳಿದ ಸುಳ್ಳಿನ ಭಾರ. ಮುಂದೆ 1888ರಲ್ಲಿ ವಿಲಾಯತಿಗೆ ಹೋಗುವಾಗ ಮಾಂಸ ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆ ಮಾಡಿದರು. ಲಂಡನ್ನಿನಲ್ಲಿ ತತ್ತಿ ಮಾಂಸವಲ್ಲವೆಂಬ ವಾದ ಕೇಳಿ ಕೆಲವು ದಿನ ತಿಂದರು. ಆಮೇಲೆ, ಪ್ರತಿಜ್ಞೆ ತೆಗೆದುಕೊಂಡವಳು ತಾಯಿ, ಅವಳು ‘ಮಾಂಸ’ ಎಂದಾಗ ತತ್ತಿಯೂ ಅದರಲ್ಲಿ ಸೇರಿತ್ತು, ಆದ್ದರಿಂದ ಅವಳ ಅರ್ಥವೇ ತನಗೆ ಅರ್ಥ ಎಂದು ಬಿಟ್ಟುಬಿಟ್ಟರು. ಸಾವಿರಾರು ಮೈಲಿ ದೂರದಲ್ಲಿ, ನೋಡುವವರಾರೂ ಇಲ್ಲದ ಊರಿನಲ್ಲಿ, ಪುತಳೀಬಾಯಿಯ ಮಾತು ನಡೆಯಿತು. ಹುಡುಗನಾಗಿ ಮನೆಯಲ್ಲಿದ್ದಾಗ ನಡೆಯದಿದ್ದ ಮಾತು, ತಾನೇ ಒಪ್ಪಿ ಕೈಗೆತ್ತಿಕೊಂಡ ಮೇಲೆ ಸಮುದ್ರದಾಚೆಗೂ ನಡೆಯಿತೆಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿ ತೋರುತ್ತದೆ.

ಅಂದು ನಮ್ಮ ಮನೆಯಲ್ಲಿ ತೀರ್ಮಾನವೇನೂ ಆಗಲಿಲ್ಲ. “ನನ್ನ ಮನಸ್ಸು ಏನಂತ ನಿನಗ ಗೊತ್ತೈತಿ. ಮುಂದ ನಿನಗ ತಿಳದಂಗ ಹೇಳು” ಎಂದಳು ನನ್ನ ಹೆಂಡತಿ. ಮಗಳು ಶಾಲೆಯಲ್ಲಿ ಬಾಳೆಹಣ್ಣೆಂದೇ ಹೇಳಿ ಬಂದಳು.

ಸುಮಾರು ಒಂದು ತಿಂಗಳಾಗಿರಬೇಕು. ಸಂಜೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಮಗಳು ಪಕ್ಕದಲ್ಲಿ ಕುಳಿತು ಬಿಸಿರೊಟ್ಟಿಯ ಅಂಚು ಮುರಿದು ತಿನ್ನುತ್ತಿದ್ದಳು. ತಿನ್ನುತ್ತಲೇ, ಮಳೆ ಬಂತೆಂಬಷ್ಟು ಸಹಜವಾಗಿ ಹೇಳಿದಳು: “ಅವ್ವಾ, ಇವತ್ತ ನನ್ನ ಗೆಳತಿಗೆ ಅರ್ಧ ಬಾಳೆಹಣ್ಣು ಕೊಟ್ಟೆ. ಆಕಿ ನನಗ ಅರ್ಧ ತತ್ತಿ ಕೊಟ್ಲು. ತಿಂದ್ನಿ.”

ರೊಟ್ಟಿಯ ಸಪ್ಪಳ ನಿಂತಿತು. ಪಡಸಾಲೆಯಲ್ಲಿ ಪೇಪರು ಹಿಡಿದಿದ್ದ ನಾನು ಪೇಪರನ್ನು ಇನ್ನಷ್ಟು ಮೇಲೆತ್ತಿದೆ. ಹಂಚಿನ ಮೇಲಿನ ರೊಟ್ಟಿ ಕರಕಾಗುವ ವಾಸನೆ ಬಂತು. ಆಮೇಲೆ ನನ್ನ ಹೆಂಡತಿಯ ದನಿ ಕೇಳಿಸಿತು, ಬಹಳ ಸಣ್ಣದಾಗಿ: “ಹ್ಯಾಂಗಿತ್ತು?”

“ಸಪ್ಪಗಿತ್ತವ್ವಾ. ಉಪ್ಪಿಲ್ಲ, ಖಾರಿಲ್ಲ. ಶೇಂಗಾ ಹಿಂಡಿ ಇದ್ದಿದ್ರ ಚಲೋ ಆಗತಿತ್ತು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಂತರ ಅವಳು ಕರಕಾದ ರೊಟ್ಟಿಯನ್ನು ತೆಗೆದು ಬದಿಗಿಟ್ಟು, ಹೊಸ ಹಿಟ್ಟಿನ ಉಂಡೆ ಕೈಗೆತ್ತಿಕೊಂಡಳು. “ನನಗ ಮನಸ್ಸಿಗೆ ಬರಲಿಲ್ಲ ನೋಡು” ಎಂದಳು. ಸಿಟ್ಟಿರಲಿಲ್ಲ; ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಮಗಳು “ಗೊತ್ತೈತಿ” ಎಂದಳು. ರೊಟ್ಟಿಯ ಸಪ್ಪಳ ಮತ್ತೆ ಆರಂಭವಾಯಿತು.

ರಾತ್ರಿ ಮಗಳು ಮಲಗಿದ ಮೇಲೆ ನನ್ನ ಹೆಂಡತಿ ಕೇಳಿದಳು: “ಬೈದಿದ್ರ ಏನಾಗತಿತ್ತು?” ನಾನು ಹುಬ್ಬಳ್ಳಿಯಲ್ಲಿ ಓದುವಾಗ ನಮ್ಮ ಖೋಲಿಯಲ್ಲಿದ್ದ ಗೆಳೆಯನ ಮಾತು ಹೇಳಿದೆ. ಅವನ ಮನೆಯಲ್ಲಿ ಊಟದ ಕಟ್ಟಳೆ ಬಹಳ ಬಿಗಿ. ಅವನು ಊರಿಗೆ ಹೊರಡುವ ದಿನ ಎರಡು ಸಲ ಹಲ್ಲುಜ್ಜುತ್ತಿದ್ದ. ಹಾಗೆ ಹಲ್ಲುಜ್ಜಿಕೊಂಡೇ ಅವನು ತಾಯಿಯ ಎದುರಿಗೆ ಹದಿನೈದು ವರ್ಷ ನಿಂತ. ಆ ತಾಯಿಗೆ ತನ್ನ ಕಟ್ಟಳೆ ಉಳಿಯಿತೆಂಬ ಸಮಾಧಾನವಿತ್ತು. ಮಗನೊಬ್ಬ ಅವಳಿಗೆ ತಿಳಿಯದ ಮನುಷ್ಯನಾಗಿದ್ದ. ನನ್ನ ಹೆಂಡತಿ ಕೇಳಿ ಸುಮ್ಮನಾದಳು. ಅವಳಿಗೆ ಪೂರ್ತಿ ಸಮಾಧಾನವಾಯಿತೆಂದು ನಾನು ಹೇಳಲಾರೆ. ಆಗಬೇಕೆಂದೂ ಇಲ್ಲ. ಹತ್ತಾರು ತಲೆಮಾರಿನಿಂದ ನಡೆದುಬಂದದ್ದು ತನ್ನ ಮಗಳ ಕಾಲದಲ್ಲಿ ಒಂದು ಮಧ್ಯಾಹ್ನದ ಊಟದ ಬಿಡುವಿನಲ್ಲಿ ಕಡಿದುಹೋದರೆ ತಾಯಿಗೆ ಕಸಿವಿಸಿಯಾಗದೇ ಇದ್ದೀತೆ? ಅವಳ ನಂಬಿಗೆಯಲ್ಲಿ ಯಾರ ಮೇಲಿನ ಹೇಸಿಕೆಯೂ ಇರಲಿಲ್ಲ. ಮಗಳ ಗೆಳತಿ ಯಾರ ಮನೆಯವಳೆಂದು ಅವಳು ಅಂದೂ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಮಡಿಯನ್ನೂ ನಂಬಿಗೆಯನ್ನೂ ಬೇರೆ ಮಾಡುವ ಗೆರೆ ಅಲ್ಲಿಯೇ ಇರಬೇಕೆಂದು ನನಗನಿಸುತ್ತದೆ.

ಹನ್ನೊಂದನೆಯ ವರ್ಷದಲ್ಲಿ ಮಗುವಿನ ತಾಟಿನ ಮೇಲಿನ ನಮ್ಮ ಅಧಿಕಾರ ಜಾರತೊಡಗುತ್ತದೆ. ಬಿಗಿ ಹಿಡಿದಷ್ಟೂ ಜಾರುತ್ತದೆ. ಆದರೆ ಮಗು ಸಂಜೆ ಒಲೆಯ ಹತ್ತಿರ ಬಂದು ಕುಳಿತು, ತಿಂದದ್ದನ್ನು ತಿಂದೆನೆಂದು ಹೇಳುವಷ್ಟು ಜಾಗ ಉಳಿದಿದ್ದರೆ ಪಾಲಕರ ಪ್ರಭಾವ ಎಲ್ಲಿಗೂ ಹೋಗಿಲ್ಲವೆಂದೇ ತಿಳಿಯಬೇಕು. ಮಗು ನಾಳೆ ಏನನ್ನು ಒಲ್ಲೆನೆನ್ನುತ್ತದೆ, ಏನನ್ನು ಒಪ್ಪುತ್ತದೆ ಎಂಬುದು ಆ ಜಾಗದಲ್ಲಿ ನಿಶ್ಚಯವಾಗುತ್ತದೆ. ಬಣ್ಣದ ಮಿಠಾಯಿಯ ವಿಷಯದಲ್ಲಿಯೂ ಹೀಗೆಯೇ. ಏನು ತಿಂದೆ ಎಂದು ಗೊತ್ತಾದರೆ ಔಷಧ ಕೊಡಬಹುದು. ಗೊತ್ತಾಗದಿದ್ದರೆ ಡಾಕ್ಟರರೂ ಕೈಚೆಲ್ಲುತ್ತಾರೆ.

ಆ ವಾರದಿಂದ ಮಗಳ ಚೀಲದಲ್ಲಿ ಒಂದು ಸಣ್ಣ ಡಬ್ಬಿ ಸೇರಿಕೊಂಡಿದೆ. ಅದರಲ್ಲಿ ಶೇಂಗಾ ಹಿಂಡಿ. ಬಾಳೆಹಣ್ಣಿನ ಮೇಲೆ ಯಾರೂ ಶೇಂಗಾ ಹಿಂಡಿ ಹಾಕಿಕೊಳ್ಳುವುದಿಲ್ಲವೆಂಬುದು ನನಗೂ ಗೊತ್ತು, ಕಟ್ಟಿಕೊಡುವವಳಿಗೂ ಗೊತ್ತು. ಮಗಳಂತೂ ಬಾಳೆಹಣ್ಣನ್ನೇ ತೆಗೆದುಕೊಳ್ಳುತ್ತಿದ್ದೇನೆಂದು ಹೇಳುತ್ತಾಳೆ. ಅವಳು ಹೇಳಿದ ಮೇಲೆ ಅದು ಖರೆ. ಡಬ್ಬಿ ಮಾತ್ರ ದಿನಾಲು ಬರಿದಾಗಿ ಬರುತ್ತದೆ. ಸಾಲಿನಲ್ಲಿ ಕುಳಿತ ಐದಾರು ಹುಡುಗಿಯರ ತಾಟಿನಲ್ಲಿ ಅನ್ನದ ಮೇಲೆಯೋ ತತ್ತಿಯ ಮೇಲೆಯೋ ಅದು ಉದುರಿರಬೇಕು. ಕಳೆದ ತಿಂಗಳು ನನ್ನ ಹೆಂಡತಿ ಆ ಡಬ್ಬಿಯನ್ನು ಬದಲಿಸಿ ಸ್ವಲ್ಪ ದೊಡ್ಡದನ್ನು ತಂದಿದ್ದಾಳೆ.